ಉದುರಿ ಹೋಗುವ ಚರ್ಮವೂ ದೊಡ್ಡ ದಾನವೇ

ತರಗತಿಯಲ್ಲಿ ರೋಗನಿರೋಧಕ ಶಕ್ತಿಯ ಪಾಠ ನಡೆಯುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು ಕೇಳಿದಳು: “ಸಾರ್, ಮಗುವಿನ ಮೈ ಸುಟ್ಟರೆ ತಾಯಿಯ ಚರ್ಮ ತೆಗೆದು ಹಚ್ಚಬಹುದಲ್ಲ? ಒಂದೇ ರಕ್ತವಲ್ಲವೇ?” ನಮ್ಮ ಮನೆಗಳ ಹಿರಿಯರಲ್ಲಿಯೂ ಇದೇ ನಂಬಿಕೆಯಿದೆ. ಆದರೆ ದೇಹದ ಲೆಕ್ಕ ಬೇರೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸುಟ್ಟಗಾಯಗಳ ಸಮಸ್ಯೆ ಬ್ರಿಟನ್ನಿನ ವಿಜ್ಞಾನಿ ಪೀಟರ್ ಮೆಡಾವರ್ ಅವರ ಗಮನ ಸೆಳೆಯಿತು. ಗ್ಲಾಸ್ಗೋದಲ್ಲಿ ಅವರೂ ಶಸ್ತ್ರವೈದ್ಯ ಥಾಮಸ್ ಗಿಬ್ಸನ್ನರೂ ಸುಟ್ಟಗಾಯದ ಮಹಿಳೆಯೊಬ್ಬರಿಗೆ ಅವರ ಒಡಹುಟ್ಟಿದ ಸಹೋದರನ ಚರ್ಮವನ್ನೇ ಹಚ್ಚಿ ನೋಡಿದರು. ಅದು ನಿಲ್ಲಲಿಲ್ಲ. ಎರಡನೆಯ ಸಲ ಹಚ್ಚಿದ್ದು ಇನ್ನೂ ಬೇಗನೆ ನಾಶವಾಯಿತು. 1943ರಲ್ಲಿ ಪ್ರಕಟವಾದ ಈ ಸಂಗತಿ, ದೇಹಕ್ಕೆ ಪರಕೀಯ ಚರ್ಮದ ನೆನಪು ಉಳಿಯುತ್ತದೆಂಬುದನ್ನು ತೋರಿಸಿತು.

ಮುಂದೆ ಮೆಡಾವರರು ತಮ್ಮ ಸಹೋದ್ಯೋಗಿಗಳಾದ ಬಿಲ್ಲಿಂಗ್‌ಹ್ಯಾಮ್ ಮತ್ತು ಬ್ರೆಂಟರೊಡನೆ ಪ್ರಯೋಗಶಾಲೆಯ ಇಲಿಗಳನ್ನು ಪರೀಕ್ಷಿಸಿದರು. ಕಂದು ತಳಿಯ ಇಲಿಗೆ ಬಿಳಿ ತಳಿಯ ಇಲಿಯ ಚರ್ಮದ ತುಂಡನ್ನು ಹಚ್ಚಿದರೆ ಮೊದಲ ಕೆಲವು ದಿನ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ರಕ್ತನಾಳಗಳೂ ಕೂಡಿಕೊಳ್ಳುತ್ತವೆ. ಬಳಿಕ ಲಿಂಫೋಸೈಟುಗಳೆಂಬ ಬಿಳಿ ರಕ್ತಕಣಗಳು ಮುತ್ತಿಗೆ ಹಾಕುತ್ತವೆ. ಸುಮಾರು ಹನ್ನೊಂದು ದಿನಗಳಲ್ಲಿ ಆ ತುಂಡು ಒಣಗಿ ಹಕ್ಕಳೆಯಾಗಿ ಬಿದ್ದುಹೋಗುತ್ತದೆ. ಕಾರಣವಿಷ್ಟೆ: ಜೀವಕೋಶಗಳ ಮೇಲ್ಮೈಯಲ್ಲಿ ಗುರುತಿನ ಪ್ರೋಟೀನುಗಳಿವೆ; ಅವು ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬಂದವು. ಹಾಗಾಗಿ ತಾಯಿಯ ಚರ್ಮವೂ ಮಗುವಿಗೆ ಪೂರ್ತಿ ತನ್ನದಲ್ಲ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಿಗೆ ಮಾತ್ರ ಈ ತೊಡಕಿಲ್ಲ.

ಇನ್ನೂ ಗರ್ಭದಲ್ಲಿದ್ದ ಕಂದು ಮರಿಗಳಿಗೆ ಬಿಳಿ ತಳಿಯ ಜೀವಕೋಶಗಳನ್ನು ಚುಚ್ಚಿದಾಗ, ಅವುಗಳಲ್ಲಿ ಕೆಲವು ದೊಡ್ಡವಾದ ಮೇಲೆ ಬಿಳಿ ಚರ್ಮವನ್ನು ತಳ್ಳಿಹಾಕಲಿಲ್ಲ. 1953ರಲ್ಲಿ ಪ್ರಕಟವಾದ ಈ ಶೋಧನೆಗೆ ಸಂಬಂಧಿಸಿ ಮೆಡಾವರರಿಗೆ 1960ರಲ್ಲಿ ಬರ್ನೆಟ್ ಅವರೊಂದಿಗೆ ನೊಬೆಲ್ ಪಾರಿತೋಷಕ ಸಂದಿತು. ಆದರೆ ಬೆಳೆದ ಮನುಷ್ಯನಿಗೆ ಈ ಉಪಾಯ ನಡೆಯದು. ಮೂತ್ರಪಿಂಡದ ಕಸಿಯಲ್ಲಿ ಔಷಧಿಗಳಿಂದ ನಿರೋಧಕ ಶಕ್ತಿಯನ್ನು ತಗ್ಗಿಸುತ್ತಾರೆ. ಮೈ ಸುಟ್ಟು ರೋಗಾಣುಗಳಿಗೆ ಬಾಗಿಲು ತೆರೆದಿರುವ ರೋಗಿಗೆ ಹಾಗೆ ಮಾಡುವುದು ಅಪಾಯಕರ.

ಹಾಗಾದರೆ ಹೇಗೂ ಉದುರಿಹೋಗುವ ಚರ್ಮವನ್ನು ದಾನ ಮಾಡಿ ಪ್ರಯೋಜನವೇನು ಎಂದು ಕೇಳುವವರಿದ್ದಾರೆ. ಈ ವಾದವನ್ನು ನಾನು ಒಪ್ಪಲಾರೆ. ಮೈಯ ಬಹುಭಾಗ ಸುಟ್ಟವನಿಗೆ ಮುಚ್ಚಿಕೊಳ್ಳಲು ಸ್ವಂತ ಚರ್ಮ ಸಾಲದು. ದಾನದ ಚರ್ಮ ಎರಡು ಮೂರು ವಾರ ನಿಂತರೂ ಸಾಕು. ದೇಹದ ನೀರು ಸೋರದಂತೆ ತಡೆಯುತ್ತದೆ, ರೋಗಾಣುಗಳನ್ನು ಹೊರಗಿಡುತ್ತದೆ, ನೋವನ್ನು ತಗ್ಗಿಸುತ್ತದೆ. ಅಷ್ಟರಲ್ಲಿ ರೋಗಿ ಚೇತರಿಸಿಕೊಂಡು, ಅವನ ಸ್ವಂತ ಚರ್ಮವನ್ನೇ ಹಂತಹಂತವಾಗಿ ಹಚ್ಚಲು ಕಾಲಾವಕಾಶ ದೊರೆಯುತ್ತದೆ. ಮಳೆಗಾಲಕ್ಕೆ ಹಾಕಿದ ಸೋಗೆಯ ಮಾಡು ಮರುವರ್ಷಕ್ಕೆ ಉಳಿಯದೆಂದು ಯಾರಾದರೂ ನೆನೆಯುತ್ತಾ ಕೂರುತ್ತಾರೆಯೇ?

ಈ ದಾನಕ್ಕೆ ರಕ್ತದ ಗುಂಪು ಹೊಂದಬೇಕಾಗಿಲ್ಲ. ಮರಣಾನಂತರ ಸುಮಾರು ಆರು ಗಂಟೆಯೊಳಗೆ ತೊಡೆ, ಕಾಲು, ಬೆನ್ನುಗಳಿಂದ ತೆಳುವಾದ ಮೇಲ್ಪದರವನ್ನಷ್ಟೇ ತೆಗೆಯುತ್ತಾರೆ, ದೇಹ ವಿಕಾರವಾಗುವುದಿಲ್ಲ. ಆದರೆ ಅಳುವ ಮನೆಯಲ್ಲಿ ಆರು ಗಂಟೆ ಬೇಗ ಕಳೆದುಹೋಗುತ್ತದೆ. ಆದುದರಿಂದ ಹಿರಿಯರು ಬದುಕಿರುವಾಗಲೇ ತಮ್ಮ ಇಚ್ಛೆಯನ್ನು ಮಕ್ಕಳಿಗೆ ಸ್ಪಷ್ಟವಾಗಿ ತಿಳಿಸಿಡಬೇಕು. ಮಣ್ಣಿಗೋ ಬೆಂಕಿಗೋ ಸೇರಲಿರುವ ಚರ್ಮ ಒಂದು ಮಗುವನ್ನು ಮೂರು ವಾರ ಕಾಯಬಲ್ಲುದಾದರೆ, ಅದನ್ನು ಕೊಡಲು ಹಿಂಜರಿಯುವುದೇಕೆ?