ಮರಿ ಕೊಳ್ಳುವ ಮುನ್ನ ತಾಯಿಯನ್ನು ನಡೆಸಿ ನೋಡಿ

ಕೃಷ್ಣಗಿರಿ ಸೀಮೆಯ ಡೆಂಕಣಿಕೋಟೆ, ಕೆಲಮಂಗಲದ ಹೊಲಗಳಲ್ಲಿ ಕುರಿಮಂದೆಯ ಹಿಂದೆ ಹೋಗುವ ನಾಟಿ ನಾಯಿಗೆ ಯಾರೂ ಬೆಲೆ ಕಟ್ಟುವುದಿಲ್ಲ. ಆದರೂ ಅದು ಮನಸಾರೆ ಓಡುತ್ತದೆ. ಸಾವಿರಾರು ರೂಪಾಯಿಯ ಮರಿ ಹಾಕುವ ಜಾತಿ ನಾಯಿಗೆ ಎಷ್ಟೋ ಕಡೆ ಆ ಭಾಗ್ಯವಿಲ್ಲ. ಕಬ್ಬಿಣದ ಗೂಡಿನಲ್ಲೇ ಬೆದೆ, ಅಲ್ಲೇ ಬಸಿರು, ಅಲ್ಲೇ ಬಾಣಂತನ. ಮೊಲದ ಬೆನ್ನಟ್ಟಲೆಂದೇ ಹುಟ್ಟಿದ ಮುಧೋಳ, ಚಿಪ್ಪಿಪಾರೈ ನಾಯಿಗಳನ್ನೂ ಹೀಗೆ ಕೂಡಿಹಾಕುವವರಿದ್ದಾರಲ್ಲ, ಅವರಿಗೆ ಏನನ್ನಬೇಕು?

ನಾಯಿಗೂ ವ್ಯಾಯಾಮವೇ ಎಂದು ನಗಬೇಡಿ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ, ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದ ಒಡೆಯ ಅಪರಾಧಿ. ಆ ಕಾಯ್ದೆಗಾಗಿ ರಾಜ್ಯಸಭೆಯಲ್ಲಿ ಪಟ್ಟು ಹಿಡಿದವರು ಕಲಾಕ್ಷೇತ್ರದ ರುಕ್ಮಿಣಿದೇವಿ ಅರುಂಡೇಲ್. ಮೊದಲ ತಪ್ಪಿಗೆ ದಂಡ ಎಷ್ಟು ಗೊತ್ತೇ? 10ರಿಂದ 50 ರೂಪಾಯಿ! ಒಂದೇ ಮರಿ ಮಾರಿದವನು ಈ ದಂಡವನ್ನು ನೂರು ಸಲ ಕಟ್ಟಿಯೂ ಲಾಭದಲ್ಲಿರುತ್ತಾನೆ.

2017ರ ಕೇಂದ್ರ ನಿಯಮಗಳು ಇನ್ನಷ್ಟು ಬಿಗಿ. ಮರಿ ಮಾಡಿಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು. ಹೆಣ್ಣು ನಾಯಿಗೆ ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಐದೇ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಅತ್ತಿಬೆಲೆ ಗಡಿ ದಾಟಿ ತಮಿಳುನಾಡಿಗೆ ಹೋದ ಮಾತ್ರಕ್ಕೆ ಇದು ಬದಲಾಗುವುದಿಲ್ಲ.

"ಬಿಟ್ಟರೆ ಕಚ್ಚಾಡುತ್ತವೆ, ಆಳು ಸಿಗುವುದಿಲ್ಲ" ಎನ್ನುತ್ತಾರೆ ಮರಿ ಮಾಡಿಸುವವರು. ಸುತ್ತ ಬೇಲಿ ಹಾಕಿ, ಸರದಿಯ ಮೇಲೆ ಬಿಡಿ. ಅದೂ ಆಗದಿದ್ದರೆ ನಾಯಿಗಳನ್ನು ಕಡಿಮೆ ಮಾಡಿ. ಹೊಸೂರಿನಷ್ಟು ತಂಪು ಹವೆಯ ಊರಿನಲ್ಲಿ ಬಿಸಿಲಿನ ನೆಪವಂತೂ ನಡೆಯದು.

ಬೆಂಗಳೂರಿನಿಂದ ಮರಿ ಹುಡುಕಿ ಹೋಗುವವರೇ, ಕೃಷ್ಣಗಿರಿ ಸೀಮೆಯ ಕನ್ನಡಿಗರೇ, ಶೆಡ್ಡಿನ ಬೀಗ ತೆಗೆಸುವ ಶಕ್ತಿ ಇರುವುದು ನಿಮ್ಮ ದುಡ್ಡಿಗೆ. ಗೇಟಿನ ಹತ್ತಿರ ಮರಿ ತಂದು ಕೈಗಿಟ್ಟರೆ ಒಪ್ಪಬೇಡಿ. ತಾಯಿಯನ್ನು ಹೊರಗೆ ಬಿಡಿಸಿ, ಹತ್ತು ಹೆಜ್ಜೆ ನಡೆಯಲಿ. ನೆಲದ ಮೇಲೆ ಓಡಾಡುವ ನಾಯಿಯ ಉಗುರು ತಾನೇ ಸವೆಯುತ್ತದೆ. ಕೂಡಿಹಾಕಿದ್ದರ ಉಗುರು ಬೆಳೆದು ಕೊಕ್ಕೆಯಂತೆ ಬಾಗಿರುತ್ತದೆ. ಸಿಮೆಂಟಿನ ಮೇಲೆ ಮಲಗಿ ಮಲಗಿ ಮೊಣಕೈ ಜಡ್ಡುಗಟ್ಟಿರುತ್ತದೆ, ಹಿಂಗಾಲಿನ ತೊಡೆ ಬತ್ತಿರುತ್ತದೆ. ಬಯಲಿಗೆ ಬಂದರೂ ಗೂಡಿನ ಅಳತೆಯಲ್ಲೇ ಗಿರಗಿರ ಸುತ್ತುವ ನಾಯಿಗಳೂ ಉಂಟು. ಇಷ್ಟು ನೋಡಲು ಪಶುವೈದ್ಯರೇ ಆಗಬೇಕಿಲ್ಲ.

ಅಯ್ಯೋ ಪಾಪ ಎಂದು ಆ ಮರಿಯನ್ನೇ ಕೊಂಡು ತರುವ ಕನಿಕರ ಬೇಡ. ನೀವು ಕೊಟ್ಟ ಹಣವೇ ಆ ತಾಯಿಯ ಮುಂದಿನ ಬಸಿರಿಗೆ ಮುಂಗಡ. ನೋಂದಣಿ ಪತ್ರ ಕೇಳಿ. ಪತ್ರವಿಲ್ಲ, ತಾಯಿಯನ್ನು ತೋರಿಸುವುದಿಲ್ಲ ಎಂದರೆ ಬರಿಗೈಯಲ್ಲಿ ಹಿಂತಿರುಗಿ. ಹಿಂತಿರುಗುವ ದಾರಿಯಲ್ಲೇ ಪೊಲೀಸ್ ಠಾಣೆಗೆ ಹೋಗಿ ಒಂದು ದೂರು ಬರೆದುಕೊಡಿ, ಅದರ ಪ್ರತಿಯನ್ನು ಪ್ರಾಣಿ ಕಲ್ಯಾಣ ಮಂಡಳಿಗೂ ಕಳಿಸಿ.