ಮಳೆ ಎಷ್ಟು ಬಂತು ಅಂತ ಹೇಳೋರ್ಯಾರು?

ಕತ್ತಲಗೆರೆಯ ಟೀ ಅಂಗಡಿಯಲ್ಲಿ ಮಳೆ ಲೆಕ್ಕ ಕೇಳಿದರೆ ಮೂರು ಉತ್ತರ ಸಿಗುತ್ತವೆ. ಒಬ್ಬರು ‘ಒಳ್ಳೇ ಹದ ಆತು’ ಅಂತಾರೆ. ಇನ್ನೊಬ್ಬರು ‘ಧೂಳೂ ಅಡಗ್ಲಿಲ್ಲ’ ಅಂತಾರೆ. ಮೂರನೆಯವರಿಗೆ ‘ಚಾನಲ್ ನೀರು ಬಂದ್ರೆ ಸಾಕು, ಮಳೆ ಯಾರಿಗ್ ಬೇಕು!’

ಯಾರದೂ ಸುಳ್ಳಲ್ಲ. ಆದರೆ ಅಡಿಕೆಗೆ ಹವಾಮಾನ ಆಧಾರಿತ ವಿಮೆ ಕಟ್ಟಿದ ರೈತನಿಗೆ ಈ ಮೂವರ ಸಾಕ್ಷಿ ನಡೆಯುವುದಿಲ್ಲ. ತೋಟಕ್ಕೆ ಬಂದು ಯಾರೂ ಕೊಳೆ ಎಣಿಸುವುದಿಲ್ಲ. ಅಲ್ಲಿ ಮಾತಾಡುವುದು ಮಳೆಮಾಪಕ.

ಅದರ ಭಾಷೆ ಸುಲಭ. 1 ಮಿಲಿಮೀಟರ್ ಮಳೆ ಅಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು. ಬೆಳಗ್ಗೆ 8.30ರಿಂದ ಮರುದಿನ 8.30ಕ್ಕೆ ಒಂದು ದಿನ. ಅಷ್ಟರಲ್ಲಿ 2.5 ಮಿ.ಮೀ. ಆದರೂ ಬೀಳದಿದ್ದರೆ ಹವಾಮಾನ ಇಲಾಖೆ ಅದನ್ನು ‘ಮಳೆ ದಿನ’ ಅನ್ನುವುದೇ ಇಲ್ಲ. ಇವತ್ತು ಬಿದ್ದದ್ದು ಹವಾಮಾನ. ಮೂವತ್ತು ವರ್ಷದ ಸರಾಸರಿ ತೆಗೆದರೆ ವಾಯುಗುಣ.

ಒಂದೇ ಜಿಲ್ಲೆಯಲ್ಲಿ ಚನ್ನಗಿರಿಗೆ ಅಡಿಕೆ, ಜಗಳೂರಿಗೆ ಬರ ಯಾಕೆ? ಅರಬ್ಬೀ ಸಮುದ್ರದ ಗಾಳಿ ಘಟ್ಟ ಹತ್ತುವಾಗ ತಣಿದು ಆಗುಂಬೆ ಕಡೆ ಸುರಿದುಬಿಡುತ್ತದೆ. ಈಚೆ ಇಳಿಯುವಾಗ ಬಿಸಿಯೇರಿ ಮೋಡ ಕರಗುತ್ತದೆ. ಹೊನ್ನಾಳಿ, ನ್ಯಾಮತಿ, ಚನ್ನಗಿರಿಗೆ ಉಳಿದ ಪಾಲು. ಜಗಳೂರಿಗೆ ಉಳಿದದ್ದರಲ್ಲೂ ಉಳಿದದ್ದು.

ನಮ್ಮ ಚಾನಲ್ ನೀರೂ ಘಟ್ಟದ ಮಳೆಯೇ. ಅಲ್ಲಿ ಸುರಿದರೆ ಮಾತ್ರ ಲಕ್ಕವಳ್ಳಿಯ ಭದ್ರಾ ಡ್ಯಾಂ 186 ಅಡಿ ಮುಟ್ಟುವುದು. 2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ಭದ್ರಾ ನೀರಿಗಾಗಿ ಜಿಲ್ಲೆಯ ರೈತರು ಬೀದಿಗಿಳಿದರು. ‘ಮಳೆ ಯಾರಿಗ್ ಬೇಕು’ ಅಂದವರಿಗೆ ಉತ್ತರ ಅಲ್ಲೇ ಸಿಕ್ಕಿತು.

ಈಗ ಮುಖ್ಯ ಮಾತು. ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಸರ್ಕಾರ ಮಳೆಮಾಪಕ ಇಟ್ಟಿದೆ. ನಿಮ್ಮೂರಿನದು ಎಲ್ಲಿದೆ, ನೋಡಿದ್ದೀರಾ? ಅದು ಬಯಲಲ್ಲಿರಬೇಕು. ಪಕ್ಕದ ಮರವೋ ಗೋಡೆಯೋ ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ದೂರ ಇರಬೇಕು. ಮರದ ಮರೆಯಲ್ಲಿದ್ದರೆ ಸುರಿದ ಮಳೆಯೂ ಲೆಕ್ಕಕ್ಕೆ ಕಮ್ಮಿಯೇ. ಸುಮ್ಮನೆ ಕಮ್ಮಿಯಾಗುವುದು ಅಂಕಿ ಅಲ್ಲ ಸ್ವಾಮಿ, ರೈತನ ದುಡ್ಡು.

ದಿನದ ಮಳೆ ಅಂಕಿಯನ್ನು ಪಂಚಾಯ್ತಿ ಬೋರ್ಡಿನಲ್ಲಿ ಸೀಮೆಸುಣ್ಣದಲ್ಲಿ ಬರೆಯಲು ಖರ್ಚೇನು? ಸೋಲಿನ ವರ್ಷ ಅರ್ಜಿ ಹಿಡಿದು ಅಲೆಯುವ ಮೊದಲು ಇಷ್ಟನ್ನು ಗ್ರಾಮಸಭೆಯಲ್ಲಿ ಕೇಳಿ. ಮಳೆ ನಮ್ಮ ಕೈಲಿಲ್ಲ, ಒಪ್ಪೋಣ. ಲೆಕ್ಕವಾದರೂ ನಮ್ಮ ಕಣ್ಣಿಗೆ ಬೀಳಲಿ.