ದೊಡ್ಡವರ ಗೊಂಬೆಯಾಟ

ಒಂದು ವಯಸ್ಸು ದಾಟಿದ ಮೇಲೆ ಮನುಷ್ಯನು ಯಾವ ಯಾವ ಹವ್ಯಾಸಗಳನ್ನು ಇಟ್ಟುಕೊಳ್ಳಬಹುದು ಎಂಬ ವಿಷಯದಲ್ಲಿ ನಮ್ಮ ಸಮಾಜಕ್ಕೆ ಖಚಿತವಾದ ಅಭಿಪ್ರಾಯಗಳುಂಟು. ಸಂಗೀತ ಕೇಳಬಹುದು, ಲಾಲ್‌ಬಾಗಿನಲ್ಲಿ ಬೆಳಗಿನ ಹೊತ್ತು ನಡೆದಾಡಬಹುದು, ಹೂವಿನ ಕುಂಡಗಳಿಗೆ ನೀರೆರೆಯಬಹುದು, ಗಾಂಧಿಬಜಾರಿನಲ್ಲಿ ಕಾಫಿ ಕುಡಿಯುತ್ತ ದೇಶದ ರಾಜಕೀಯವನ್ನೆಲ್ಲ ಇತ್ಯರ್ಥಪಡಿಸಬಹುದು. ಆದರೆ ನಲವತ್ತೈದು ವರ್ಷದ ಗೃಹಸ್ಥನೊಬ್ಬನು ಸಂಜೆ ಮೇಜಿನ ಮುಂದೆ ಕುಳಿತು, ಮೆಂತ್ಯದ ಕಾಳಿನಷ್ಟು ಗಾತ್ರದ ಚಕ್ರವನ್ನು ಚಿಮುಟದಲ್ಲಿ ಹಿಡಿದು ಪುಟ್ಟ ವಿಮಾನವೊಂದಕ್ಕೆ ಅಂಟಿಸುತ್ತಿದ್ದರೆ, ಕಂಡವರು ಮೊದಲು ಕೇಳುವ ಪ್ರಶ್ನೆ, “ಮಗುವಿಗೋ?” ಎಂದು. “ಅಲ್ಲ, ನನಗೇ” ಎಂದರೆ ಆಮೇಲೆ ಅವರು ಹವಾಮಾನದ ವಿಷಯ ಎತ್ತುತ್ತಾರೆ.

ಈ ಪ್ರಶ್ನೆಗೆ ಗುರಿಯಾದವರಲ್ಲಿ ನಾನೂ ಒಬ್ಬ. ನನ್ನ ತಲೆಮಾರಿನವರು ಶಾಲೆಯಲ್ಲಿದ್ದಾಗ ಬೆಂಕಿಪೆಟ್ಟಿಗೆಯ ರೈಲನ್ನೂ ರಟ್ಟಿನ ರಥವನ್ನೂ ವಿಜ್ಞಾನ ಪ್ರದರ್ಶನಕ್ಕೆಂದು ಥರ್ಮೋಕೋಲಿನ ವಿಧಾನಸೌಧವನ್ನೂ ಕಟ್ಟಿದವರೇ. ಹತ್ತನೆಯ ತರಗತಿ ಬಂದಿತು. ಅವೆಲ್ಲ ಅಟ್ಟ ಸೇರಿದವು. ಸಂಸಾರದ ಮೊದಲ ಗಡಿಬಿಡಿ ಕಳೆದು ಸಂಜೆ ಎಂಬುದು ಮತ್ತೆ ಕೈಗೆ ದೊರೆಯುವ ಕಾಲಕ್ಕೆ, ಕೆಲವರು ಅದೇ ಅಂಟು, ಅದೇ ಬ್ಲೇಡು, ಅದೇ ಉಪ್ಪುಕಾಗದದ ಬಳಿಗೆ ಮರಳುತ್ತಾರೆ. ಇವರು ಬಾಲ್ಯಕ್ಕೆ ಮರಳುತ್ತಿದ್ದಾರೆಂದು ಹೇಳುವುದು ವಾಡಿಕೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಮಗು ಕಟ್ಟುವುದು ತಾನು ಇನ್ನು ಮುಂದೆ ಕಾಣಬೇಕಾದ ಲೋಕವನ್ನು. ಪ್ರೌಢನು ಕಟ್ಟುವುದು ತಾನು ಕಂಡ ಲೋಕವನ್ನು, ಹಲವು ವೇಳೆ ಕಳೆದುಕೊಂಡ ಲೋಕವನ್ನು. ಕೈಕೆಲಸ ಒಂದೇ, ಅದರ ಉದ್ದೇಶ ಬೇರೆ.

ಈ ವ್ಯತ್ಯಾಸವೆಲ್ಲ ಅಳತೆಯಲ್ಲಿದೆ. ನಾವು ಥರ್ಮೋಕೋಲಿನಲ್ಲಿ ವಿಧಾನಸೌಧವನ್ನು ಕಟ್ಟಿದಾಗ ಅದು ವಿಧಾನಸೌಧದ ಹಾಗೆ ಕಂಡರೆ ಸಾಕಾಗಿತ್ತು. 1956ರಲ್ಲಿ ಪೂರ್ಣಗೊಂಡ ಆ ಕಟ್ಟಡವು 700 ಅಡಿ ಉದ್ದ, 350 ಅಡಿ ಅಗಲ ಎಂಬುದನ್ನು ಯಾರೂ ನಮಗೆ ಹೇಳಲಿಲ್ಲ, ನಾವೂ ಕೇಳಲಿಲ್ಲ. ಪ್ರಮಾಣಬದ್ಧವಾಗಿ ಕಟ್ಟಹೊರಟವನಿಗೆ ಅದೇ ಮೊದಲ ಪ್ರಶ್ನೆ. ಇನ್ನೂರಕ್ಕೆ ಒಂದರಂತೆ ಇಳಿಸಿದರೆ ಅದು ಮೂರೂವರೆ ಅಡಿ ಉದ್ದ, ಒಂದೂಮುಕ್ಕಾಲು ಅಡಿ ಅಗಲವಾಗುತ್ತದೆ. ಆ ಮೇಲೆ ಒಂದೊಂದು ಕಂಬವೂ ಒಂದೊಂದು ಮೆಟ್ಟಿಲೂ ಅದೇ ಲೆಕ್ಕಕ್ಕೆ ತಲೆಬಾಗಬೇಕು. ವಿಮಾನಗಳನ್ನು ಕಟ್ಟುವವರಲ್ಲಿ ಎಪ್ಪತ್ತೆರಡಕ್ಕೆ ಒಂದು ಎಂಬ ಪ್ರಮಾಣ ಬಹಳ ರೂಢಿಯಲ್ಲಿದೆ. ಆರಡಿಯ ಆಳು ಅಲ್ಲಿ ಒಂದಂಗುಲವಾಗುತ್ತಾನೆ. ನಮ್ಮ ಊರಿನಲ್ಲಿಯೇ ಹುಟ್ಟಿ 1961ರ ಜೂನ್ ತಿಂಗಳಿನಲ್ಲಿ ಮೊದಲು ಹಾರಿದ ಮಾರುತ್ ಯುದ್ಧವಿಮಾನದ ರೆಕ್ಕೆಗಳ ಹರವು 9 ಮೀಟರು, ಉದ್ದ 16 ಮೀಟರಿಗೆ ಸ್ವಲ್ಪ ಕಡಿಮೆ. ಈ ಪ್ರಮಾಣದಲ್ಲಿ ಅದು ಹನ್ನೆರಡೂವರೆ ಸೆಂಟಿಮೀಟರು ಅಗಲ, 22 ಸೆಂಟಿಮೀಟರು ಉದ್ದವಾಗಿ ಅಂಗೈ ಮೇಲೆ ಬಂದು ಕೂರುತ್ತದೆ. ಆದರೆ ಅಂಗೈಯಲ್ಲಿ ಒಂದು ಮಿಲಿಮೀಟರು ತಪ್ಪಿದರೆ ನಿಜವಾದ ವಿಮಾನದಲ್ಲಿ ಏಳು ಸೆಂಟಿಮೀಟರು ತಪ್ಪಿದಂತೆ. ಹೀಗೆ ಲೆಕ್ಕ ಒಪ್ಪಿಸುತ್ತ ಕುಳಿತವನು ಆಟವಾಡುತ್ತಿದ್ದಾನೆಂದು ಹೇಳುವುದು ಕಷ್ಟ.

ಮಾರುತವನ್ನು ರೂಪಿಸಿದವರೂ ಮೊದಲು ಇದೇ ದಾರಿ ಹಿಡಿದಿದ್ದರು. ಜರ್ಮನಿಯ ಕುರ್ಟ್ ಟ್ಯಾಂಕ್ ಅವರೂ ನಮ್ಮ ಎಂಜಿನಿಯರುಗಳೂ ಸೇರಿ ಆ ವಿಮಾನದ ಪೂರ್ಣ ಗಾತ್ರದ ಮಾದರಿಯೊಂದನ್ನು ಮರದಲ್ಲಿ, ಎಂಜಿನಿಲ್ಲದೆ, ಕಟ್ಟಿ, 1959ರಲ್ಲಿ ಅದನ್ನು ಇನ್ನೊಂದು ವಿಮಾನದ ಹಿಂದೆ ಕಟ್ಟಿ ಮೇಲಕ್ಕೊಯ್ದು ಗಾಳಿಯಲ್ಲಿ ತೇಲಿಬಿಟ್ಟು ಪರೀಕ್ಷಿಸಿದರು. ಕಬ್ಬಿಣ ಅಲ್ಯುಮಿನಿಯಮ್ಮುಗಳ ಸತ್ಯವನ್ನು ಮೊದಲು ಮರದಲ್ಲಿ ತಿಳಿದುಕೊಂಡರು. ಮಾದರಿ ಎಂಬುದು ತಿಳಿವಳಿಕೆಯ ಸಾಧನ. ಅದು ಆಟಿಕೆಯಾಗುವುದು ಅದನ್ನು ಹಿಡಿದವನ ಮನಸ್ಸಿನಿಂದ.

ಇದೆಲ್ಲ ಪಶ್ಚಿಮದಿಂದ ಪೆಟ್ಟಿಗೆಯಲ್ಲಿ ಬಂದ ಸರಕು ಎಂದು ಭಾವಿಸುವವರು ತಮ್ಮ ಅಜ್ಜಿಯನ್ನು ನೆನೆಯಬೇಕು. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ನವರಾತ್ರಿ ಬಂದಿತೆಂದರೆ ಮೂರು, ಐದು, ಏಳು, ಒಂಬತ್ತು ಎಂದು ಬೆಸಸಂಖ್ಯೆಯ ಮೆಟ್ಟಿಲುಗಳೇಳುತ್ತವೆ. ತುದಿಯಲ್ಲಿ ಪಟ್ಟದ ಗೊಂಬೆಗಳು. ಕೆಳಗೆ, ನೆಲದ ಮೇಲೆ, ಮಕ್ಕಳು “ಪಾರ್ಕು” ಎಂದು ಕರೆಯುವ ಒಂದು ಊರು. ಆ ಊರನ್ನು ಕಟ್ಟುತ್ತಿದ್ದವರು ಮಕ್ಕಳೆಂಬುದು ಸುಳ್ಳು. ಮಕ್ಕಳು ಮಣ್ಣು ಹೊರುತ್ತಿದ್ದರು, ಕಟ್ಟುತ್ತಿದ್ದವರು ದೊಡ್ಡವರು. ಎಷ್ಟು ದಿನ ಮೊದಲು ಚೆಲ್ಲಿದರೆ ರಾಗಿಯ ಮೊಳಕೆ ಹಬ್ಬದ ಹೊತ್ತಿಗೆ ಗದ್ದೆಯ ಪೈರಿನಷ್ಟು ಕಾಣುತ್ತದೆ ಎಂಬುದು ಅಜ್ಜಿಗೆ ಗೊತ್ತಿತ್ತು. ಮಾದರಿ ಕಟ್ಟುವವರಿಗೆಲ್ಲ ಒಂದು ಕಷ್ಟ ಉಂಟು: ಮರವನ್ನು ಕಿರಿದು ಮಾಡಬಹುದು, ಇಟ್ಟಿಗೆಯನ್ನು ಕಿರಿದು ಮಾಡಬಹುದು, ನೀರು ಮಾತ್ರ ಕಿರಿದಾಗುವುದಿಲ್ಲ, ಎಷ್ಟು ಸಣ್ಣ ತಟ್ಟೆಯಲ್ಲಿಟ್ಟರೂ ಹನಿ ಹನಿಯಾಗಿಯೇ ಇರುತ್ತದೆ. ಅಜ್ಜಿ ಮಣ್ಣಿನ ನಡುವೆ ಒಂದು ಕನ್ನಡಿಯ ಚೂರನ್ನು ಮಲಗಿಸಿ ಕೆರೆ ಮಾಡಿ ಈ ಸಮಸ್ಯೆಯನ್ನು ಬಗೆಹರಿಸಿದ್ದಳು.

ಇನ್ನೂ ಹಿಂದಕ್ಕೆ ಹೋದರೆ ನಮ್ಮ ಶಿಲ್ಪಿಗಳಿದ್ದಾರೆ. ಮೂರ್ತಿ ಎಷ್ಟೇ ಎತ್ತರದ್ದಾಗಲಿ ಚಿಕ್ಕದ್ದಾಗಲಿ, ಅದರ ಮುಖವೇ ಒಂದು ತಾಳ, ತಾಳಕ್ಕೆ ಹನ್ನೆರಡು ಅಂಗುಲ ಎಂದು ಮೂರ್ತಿಯೊಳಗೇ ಅದರ ಅಳತೆಗೋಲನ್ನು ಇಟ್ಟವರು ಅವರು. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ, ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಇಂದು ಶಿಖರವಿಲ್ಲ. ಅದು ಎಂದೋ ಹೋಯಿತು. ಆದರೆ ಬಾಗಿಲುಗಳ ಮೆಟ್ಟಿಲುಗಳ ಎರಡು ಮಗ್ಗುಲಲ್ಲಿ ಶಿಲ್ಪಿಗಳು ನಿಲ್ಲಿಸಿದ ಕಿರುಗುಡಿಗಳಿವೆ, ಅವುಗಳ ತಲೆಯ ಮೇಲೆ ಶಿಖರಗಳಿವೆ. ದೊಡ್ಡ ಗುಡಿಯ ಶಿಖರ ಯಾವ ಬಗೆಯದಾಗಿದ್ದೀತೆಂದು ಊಹಿಸುವ ಕಲಾಚರಿತ್ರಕಾರರು ಆ ಪುಟ್ಟ ಶಿಖರಗಳನ್ನು ಸಾಕ್ಷಿಗೆ ಕರೆಯುತ್ತಾರೆ. ಹಿರಿದು ಬಿದ್ದುಹೋದಾಗ ಅದರ ಪರವಾಗಿ ಮಾತಾಡಲು ಕಿರಿದು ಉಳಿದಿತ್ತು. ನನ್ನ ವಾದವೆಲ್ಲ ಈ ಒಂದು ಸಂಗತಿಯಲ್ಲಿ ಅಡಗಿದೆ.

ಏಕೆಂದರೆ ಇಂದು ನಮ್ಮ ಬಡಾವಣೆಗಳಲ್ಲಿ ಬೀಳುತ್ತಿರುವುದು ಶಿಖರಗಳಲ್ಲ, ಮನೆಗಳು. 1898ರ ಪ್ಲೇಗಿನ ಸುಮಾರಿನಲ್ಲಿ ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಜನ ಗಾಳಿಬೆಳಕುಗಳನ್ನು ಬಯಸಿ ಬಸವನಗುಡಿಯಲ್ಲಿಯೂ ಮಲ್ಲೇಶ್ವರದಲ್ಲಿಯೂ ನೆಲೆಸಿದರು. ಅವರೂ ಅವರ ಮಕ್ಕಳೂ ಕಟ್ಟಿದ ಮನೆಗಳ ಜಗಲಿ, ಕಿಟಕಿಯ ಮೇಲೆ ಚೂಪಾಗಿ ಏಳುವ ಮರದ ಮಂಕಿ ಟಾಪು, ಮಂಗಳೂರು ಹೆಂಚು, ಒತ್ತೊತ್ತಾಗಿ ಜೋಡಿಸಿದ ಜಂತೆಗಳ ಮೇಲೆ ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಗಾರೆ ಹಾಕಿದ ಮದರಾಸು ತಾರಸಿ, ಕಾಲಿಗೆ ತಂಪಾದ ಕೆಂಪು ನೆಲ, ಇವನ್ನೆಲ್ಲ ಇನ್ನೂ ಅಲ್ಲಲ್ಲಿ ಕಾಣಬಹುದು. ಆದರೆ ಒಂದು ಬೇಸಗೆಗೆ ಇದ್ದದ್ದು ಮುಂದಿನ ಬೇಸಗೆಗೆ ಇರುವುದಿಲ್ಲ. ಅಣ್ಣತಮ್ಮಂದಿರ ಪಾಲಿಗೆ ಒಂದು ಮನೆ ಸಾಲದು, ಅದು ಅಪಾರ್ಟ್‌ಮೆಂಟಾಗಲೇಬೇಕು. ಇದರಲ್ಲಿ ಯಾರನ್ನೂ ದೂರುವಂತಿಲ್ಲ. ಆದರೆ ಆಗ ಬರೆಯುವ ಕ್ರಯಪತ್ರವನ್ನು ಓದಿ ನೋಡಿ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಸ್ವತ್ತು ಎಂದು ಚಕ್ಕುಬಂದಿ ಬರೆದಿರುತ್ತಾರೆ. ಚಕ್ಕುಬಂದಿಯ ಒಳಗೆ ಏನಿತ್ತೆಂಬುದನ್ನು ಮಾತ್ರ ಯಾವ ಪತ್ರವೂ ಹೇಳುವುದಿಲ್ಲ.

ಚಾಮರಾಜಪೇಟೆಯಲ್ಲಿ ನನ್ನ ತಾತ ಕಟ್ಟಿಸಿದ ಮನೆ ಹೀಗೆ 2004ರಲ್ಲಿ ಹೋಯಿತು. ಕೆಲವು ವರ್ಷಗಳ ಹಿಂದೆ ನಾನು ಅದನ್ನು ರಟ್ಟಿನಲ್ಲಿಯೂ ಬಾಲ್ಸಾ ಮರದಲ್ಲಿಯೂ ಕಟ್ಟಲು ತೊಡಗಿದೆ. ಅಡಿಗೆ ಅರ್ಧ ಅಂಗುಲದ ಲೆಕ್ಕ. ಮೂವತ್ತು ನಲವತ್ತರ ನಿವೇಶನ ಹದಿನೈದಂಗುಲಕ್ಕೆ ಇಪ್ಪತ್ತಂಗುಲವಾಗಿ ಬರೆಯುವ ಮೇಜಿನ ಮೇಲೆಯೇ ಹಿಡಿಯುತ್ತದೆ. ಆಲ್ಬಮ್ಮುಗಳನ್ನು ತೆರೆದೆ. ಮದುವೆ, ಮುಂಜಿ, ನಾಮಕರಣ, ಎಲ್ಲ ಚಿತ್ರಗಳಲ್ಲಿಯೂ ಮನುಷ್ಯರಿದ್ದಾರೆ. ಮನೆ ಅವರ ಬೆನ್ನ ಹಿಂದೆ ಅಡಗಿದೆ. ಕೊನೆಗೆ ಒಂದು ಚಿತ್ರದಲ್ಲಿ ದೊಡ್ಡಪ್ಪನ ಸೈಕಲ್ಲು ಜಗಲಿಗೆ ಒರಗಿತ್ತು. ಆ ಕಾಲದ ಸೈಕಲ್ಲಿನ ಚಕ್ರ 28 ಅಂಗುಲ. ಚಕ್ರವನ್ನು ಅಳತೆಗೋಲು ಮಾಡಿಕೊಂಡು ಜಗಲಿಯ ಎತ್ತರವನ್ನು ಕಂಡುಹಿಡಿದೆ. ಬಾಗಿಲ ಪಕ್ಕದ ದೀಪದ ಗೂಡು ಯಾವ ಚಿತ್ರದಲ್ಲಿಯೂ ಇರಲಿಲ್ಲ. ಎಂಬತ್ತು ದಾಟಿದ ದೊಡ್ಡಮ್ಮನನ್ನು ಹೋಗಿ ಕೇಳಿದೆ. ಅವರು ಎದ್ದು ಹೋಗಿ ಗೋಡೆಗೆ ಅಂಗೈ ಒತ್ತಿದರು.

“ಇಷ್ಟೆತ್ತರ ಕಣೋ. ಬತ್ತಿ ಕಾಣಬೇಕಾದರೆ ನಾನು ತುದಿಗಾಲಲ್ಲಿ ನಿಲ್ಲಬೇಕಾಗಿತ್ತು. ನಿಮ್ಮ ಅಜ್ಜಿ ನನಗಿಂತ ಎತ್ತರ. ಅವರ ಅಳತೆಗೆ ಮಾಡಿಸಿದ್ದು ಅದು. ಅವರು ಹೋದಮೇಲೂ ನಾನು ಹಾಗೇ ಹಚ್ಚುತ್ತಿದ್ದೆ.”

ಟೇಪು ಹಿಡಿದು ನೋಡಿದೆ: ಐದಡಿ. ನನ್ನ ಮಾದರಿಯಲ್ಲಿ ಅದು ಎರಡೂವರೆ ಅಂಗುಲ. ಸೊಸೆಯಾಗಿ ಬಂದ ಹೆಣ್ಣುಮಗಳೊಬ್ಬಳು ಸಂಜೆ ಸಂಜೆಗೂ ಅತ್ತೆಯ ಎತ್ತರಕ್ಕೆ ನಿಲುಕಲು ಯತ್ನಿಸಿದ ಕಥೆ ಆ ಮನೆಯಲ್ಲಿ ಬೆಳೆದ ನಮಗಾರಿಗೂ ತಿಳಿದಿರಲಿಲ್ಲ. ಅಳತೆ ಕೇಳದಿದ್ದರೆ ಅವರೂ ಹೇಳುತ್ತಿರಲಿಲ್ಲ.

ಇದೆಲ್ಲ ಹಳೆಯದರ ಮೇಲಿನ ವ್ಯಾಮೋಹ ಎಂಬ ಆಕ್ಷೇಪ ಬರಬಹುದು. ವ್ಯಾಮೋಹವು ಅಳೆಯಲು ಹೋಗುವುದಿಲ್ಲ, ಹೊಗಳಿ ಸುಮ್ಮನಾಗುತ್ತದೆ. ಗೋಡೆಗಳೆದ್ದು ತಾರಸಿ ಕೂತ ಮೇಲೆ ನಾನು ಒಂದು ರಾತ್ರಿ ಮಾದರಿಯ ಪೂರ್ವಕ್ಕೆ ಬ್ಯಾಟರಿಯ ದೀಪವನ್ನು ಹಿಡಿದು ಬೆಳಗಿನ ಬಿಸಿಲನ್ನು ಬರಿಸಿ ನೋಡಿದೆ. ಗಂಡಸರು ಪತ್ರಿಕೆ ಓದುತ್ತಿದ್ದ ಹಜಾರ ಬೆಳಗಿತು. ಹೆಂಗಸರು ದಿನದ ಬಹುಭಾಗವನ್ನು ಕಳೆಯುತ್ತಿದ್ದ ಅಡಿಗೆಮನೆಗೆ ಒಂದು ಎಳೆ ಬೆಳಕೂ ತಲುಪಲಿಲ್ಲ. ಹಳೆಯದೆಲ್ಲ ಹೊನ್ನಲ್ಲವೆಂದು ಯಾವ ಟೀಕಾಕಾರನೂ ನನಗೆ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಈ ಹವ್ಯಾಸಕ್ಕೆ ಬಿದ್ದವರಲ್ಲಿ ಕೊಳ್ಳುವುದೇ ಕಟ್ಟುವುದಕ್ಕಿಂತ ಹೆಚ್ಚಾಗಿ, ತೆರೆಯದ ಪೆಟ್ಟಿಗೆಗಳು ಬೀರುವಿನ ಮೇಲೆ ಛಾವಣಿ ಮುಟ್ಟುವುದುಂಟು. ಗುಂಡಿ ಒತ್ತಿದರೆ ಮಾದರಿಯನ್ನು ಮುದ್ರಿಸಿಕೊಡುವ ಯಂತ್ರಗಳೂ ಬಂದಿವೆ. ಇವುಗಳಿಂದ ಹೊರಬರುವ ವಸ್ತು ನನ್ನ ಕೈಯ ಕೆಲಸಕ್ಕಿಂತ ಅಚ್ಚುಕಟ್ಟಾಗಿರುವುದರಲ್ಲಿ ಸಂದೇಹವಿಲ್ಲ. ಆದರೆ ಯಂತ್ರವು ದೊಡ್ಡಮ್ಮನ ಮನೆಗೆ ಹೋಗಿ ಗೂಡಿನ ಎತ್ತರವನ್ನು ಕೇಳಿ ಬರುವುದಿಲ್ಲ. ಈ ಕೆಲಸದ ಫಲ ಮೇಜಿನ ಮೇಲೆ ಅರ್ಧ ಮಾತ್ರ ಇರುತ್ತದೆ. ಉಳಿದರ್ಧ, ಅದಕ್ಕಾಗಿ ನಾವು ಕೇಳಿದ ಪ್ರಶ್ನೆಗಳಲ್ಲಿ.

ಕನ್ನಡ ಪಾಠ ಹೇಳುವವನಾದ ನನಗೆ ಇನ್ನೂ ಒಂದು ಲಾಭವಾಯಿತು. ನಾಗಂದಿಗೆ, ಅಗಳಿ, ಜಂತೆ, ಗವಾಕ್ಷಿ ಎಂಬ ಮಾತುಗಳು ಪಠ್ಯದಲ್ಲಿ ಬಂದಾಗ ತರಗತಿಯಲ್ಲಿ ಅರ್ಥ ಬರೆಸಬೇಕಾಗಿದೆ. ವಸ್ತು ಹೋದಮೇಲೆ ಮಾತು ನಿಘಂಟಿನಲ್ಲಿ ಬಾಡಿಗೆಗಿರುತ್ತದೆ. ಮಾದರಿಯನ್ನು ಒಂದು ದಿನ ಕಾಲೇಜಿಗೆ ಒಯ್ದು ತಾರಸಿಯನ್ನು ಎತ್ತಿ ತೋರಿಸಿದೆ. ಆ ದಿನ ಅರ್ಥ ಬರೆಸಲಿಲ್ಲ.

ಆದುದರಿಂದ ನನ್ನ ಸಲಹೆ ಸರಳವಾದುದು. ನಿಮ್ಮ ಹಳೆಯ ಮನೆಯನ್ನು ಉಳಿಸಿಕೊಳ್ಳಲು ಸಾಧ್ಯವಾದರೆ ಬಹಳ ಸಂತೋಷ. ಸಾಧ್ಯವಿಲ್ಲದಿದ್ದರೆ, ಕೆಡವುವವರು ಬರುವ ಮೊದಲು ಒಂದು ಭಾನುವಾರವನ್ನು ಆ ಮನೆಗೆ ಕೊಡಿ. ಒಂದು ಟೇಪು, ಒಂದು ನೋಟುಪುಸ್ತಕ, ಮನೆಯ ಹಿರಿಯರೊಬ್ಬರು, ಇಷ್ಟು ಸಾಕು. ಹೊಸ್ತಿಲಿನ ಅಗಲ, ಮೆಟ್ಟಿಲಿನ ಎತ್ತರ, ಬಾವಿಕಟ್ಟೆಯಿಂದ ಬಚ್ಚಲಮನೆಗೆ ಎಷ್ಟು ಹೆಜ್ಜೆ ಎಂಬುದನ್ನು ಬರೆದಿಡಿ. ಯಾವ ಗೂಡು ಯಾರ ಎತ್ತರಕ್ಕೆ ಎಂಬುದನ್ನೂ ಕೇಳಿ. ಮಾದರಿಯನ್ನು ನೀವೇ ಕಟ್ಟಬಹುದು, ಮುಂದೆ ನಿಮ್ಮ ಮಕ್ಕಳು ಕಟ್ಟಬಹುದು, ಯಾರೂ ಕಟ್ಟದೆಯೂ ಇರಬಹುದು. ಅಳತೆಯಿದ್ದರೆ ಮನೆ ಪೂರ್ತಿ ಹೋದಂತಲ್ಲ. ಕಟ್ಟಿದರೆ ಅದಕ್ಕೆ ಜಾಗ ಹುಡುಕಬೇಕಾಗಿಲ್ಲ. ನವರಾತ್ರಿಯ ಒಂಬತ್ತು ದಿನ ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಿನಲ್ಲಿ ಎಂದಿನಿಂದಲೂ ಅದಕ್ಕೆ ಸ್ಥಳವಿದ್ದೇ ಇದೆ.